ಮಳೆಗೊಂದು ವಿಮೆ

ವಾಚಕರೆ, ಸಂಜೆಯ ಪ್ರದೇಶ ಸಮಾಚಾರದ ಕೊನೆಗೆ ಹವಾಮಾನದ ಮುನ್ಸೂಚನೆ ಬರುತ್ತದಷ್ಟೆ. ದಕ್ಷಿಣ ಒಳನಾಡಿನ ಕೆಲವೆಡೆ ಮಳೆಯಾಗುವ ಸಂಭವವಿದೆ ಎಂಬ ಮಾತು ಪಟ್ಟಣದ ಮನೆಯಲ್ಲಿ ಕುಳಿತು ಕೇಳುವ ನಮಗೆ ಕೊಡೆಯ ವಿಷಯ. ನಂಜನಗೂಡಿನಿಂದ ತೆಂಕಣಕ್ಕೆ ಗುಂಡ್ಲುಪೇಟೆಯ ದಾರಿ ಹಿಡಿದರೆ ಎರಡು ಕಡೆಯೂ ಕಾಣುವ ಖುಷ್ಕಿ ಹೊಲಗಳ ಒಡೆಯನಿಗೆ ಅದೇ ಮಾತು ಬಿತ್ತನೆಯ ಬೀಜದ ವಿಷಯ. ಬೀಜವನ್ನು ಇಂದು ಮಣ್ಣಿಗೆ ಹಾಕಿ ಮಳೆ ಬಾರದೆ ಹೋದರೆ ಬೀಜವೂ ಹೋಯಿತು, ಉತ್ತ ಕೂಲಿಯೂ ಹೋಯಿತು. ನಾಳೆಗೆ ಎಂದು ತಡೆದು, ಇಂದೇ ಮಳೆ ಬಿದ್ದರೆ ಹದ ತಪ್ಪಿತು. "ಕೆಲವೆಡೆ" ಎಂಬ ಆ ಕೆಲವೆಡೆಯಲ್ಲಿ ತನ್ನ ಹೊಲ ಸೇರಿದೆಯೊ ಇಲ್ಲವೊ ಎಂಬುದನ್ನು ಅವನಿಗೆ ಹೇಳುವವರಾರು?

ಮುಂದೇನಾಗುವುದೆಂದು ತಿಳಿಯದೆಯೇ ಹಣವನ್ನೂ ದುಡಿಮೆಯನ್ನೂ ಒಡ್ಡಬೇಕಾದ ಇಂಥ ಸಂದರ್ಭದಲ್ಲಿ ಮನುಷ್ಯನು ಹೇಗೆ ತೀರ್ಮಾನಿಸುತ್ತಾನೆ ಎಂಬುದು ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ವಿಚಾರಿಸುತ್ತಿರುವ ಪ್ರಶ್ನೆ. ಅದಕ್ಕೆ ಸಂಬಂಧಿಸಿದ ಒಂದು ಮುಖ್ಯ ಪ್ರಕರಣ ನಮ್ಮ ಮೈಸೂರು ಸಂಸ್ಥಾನದ ಇತಿಹಾಸದಲ್ಲಿಯೇ ಇದೆ. ನಮ್ಮಲ್ಲಿ ಅನೇಕರು ಅದನ್ನು ಕೇಳಿರಲಾರರು. ಅದನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನೆಲವನ್ನು ನೋಡೋಣ. ನಂಜನಗೂಡು, ತಿರುಮಕೂಡಲು ನರಸೀಪುರ ಈ ಎರಡು ತಾಲ್ಲೂಕುಗಳಲ್ಲಿ ನದಿಗೇನೂ ಕೊರತೆಯಿಲ್ಲ. ಕಪಿಲೆ ಎಂದು ನಾವು ಕರೆಯುವ ಕಬಿನಿ ನಂಜುಂಡೇಶ್ವರನ ಸನ್ನಿಧಿಯನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಹುಲ್ಲಹಳ್ಳಿ, ರಾಂಪುರ ನಾಲೆಗಳೂ, ತಲಕಾಡಿನ ಕಡೆಯ ಮಾಧವಮಂತ್ರಿ ಕಟ್ಟೆಯೂ ಹಳೆಯ ಕಾಲದಿಂದ ಬತ್ತದ ಗದ್ದೆಗಳಿಗೆ ನೀರೂಡಿಸುತ್ತ ಬಂದಿವೆ. 1974ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ಜಲಾಶಯ ಪೂರ್ಣವಾದ ಮೇಲೆ ನೀರು ಇನ್ನಷ್ಟು ದೂರ ಹರಿಯಿತು. ಆದರೂ ನಾಲೆಯ ಮೇಲುಗಡೆಯ ಹೊಲಗಳು ಇಂದಿಗೂ ಆಕಾಶವನ್ನೇ ನಂಬಿವೆ. ಅಲ್ಲಿ ಭರಣಿ, ಕೃತ್ತಿಕೆಗಳ ಮಳೆಗೆ ಜೋಳ, ಎಳ್ಳು, ಅಲಸಂದೆ, ಹತ್ತಿ. ಮುಂದೆ ರಾಗಿ, ಹುರುಳಿ. "ಭರಣಿ ಮಳೆ ಧರಣಿಯೆಲ್ಲ ಬೆಳೆ" ಎಂಬ ಗಾದೆಯನ್ನು ನಂಬಿ ಬಿತ್ತಿದವನಿಗೆ ಭರಣಿ ಕೈಕೊಡುವುದೂ ಉಂಟು. ಹೀಗೆ ಒಂದೇ ತಾಲ್ಲೂಕಿನಲ್ಲಿ, ಎರಡು ಹರಿದಾರಿಯ ಅಂತರದಲ್ಲಿ, ಒಬ್ಬ ರೈತನು ನಾಲೆಗೆ ನೀರು ಬಿಡುವ ದಿನವನ್ನು ವಿಚಾರಿಸುತ್ತಾನೆ, ಇನ್ನೊಬ್ಬನು ಮೋಡವನ್ನು ವಿಚಾರಿಸುತ್ತಾನೆ.

ಈಗ ಒಂದು ಸಣ್ಣ ಪ್ರಯೋಗ ಮಾಡೋಣ. ತಿರುಮಕೂಡಲಿನ ಗುಂಜಾ ನರಸಿಂಹಸ್ವಾಮಿಯ ದರ್ಶನ ಮಾಡಿದವರಿಗೆ ಗುಲಗಂಜಿಯ ಮಹಿಮೆ ಗೊತ್ತಿದೆ. ಕಾಶಿಗಿಂತಲೂ ಈ ಕ್ಷೇತ್ರ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಆಸ್ತಿಕರು ಹೇಳುತ್ತಾರೆ. ಆ ಗುಲಗಂಜಿಯಲ್ಲಿ ಕೆಂಪು, ಬಿಳಿ ಎಂದು ಎರಡು ಜಾತಿಯಷ್ಟೆ. ಎರಡು ಮಡಕೆಗಳಿವೆ ಎನ್ನಿ. ಮೊದಲನೆಯದರಲ್ಲಿ ತಮ್ಮ ಕಣ್ಣ ಮುಂದೆಯೇ 50 ಕೆಂಪು, 50 ಬಿಳಿ ಎಣಿಸಿ ಹಾಕಿದ್ದಾರೆ. ಎರಡನೆಯದರಲ್ಲಿಯೂ 100 ಗುಲಗಂಜಿಗಳೇ ಇವೆ; ಆದರೆ ಕೆಂಪು ಎಷ್ಟು, ಬಿಳಿ ಎಷ್ಟು ಎಂಬುದನ್ನು ಹೇಳಿಲ್ಲ. ಕಣ್ಣು ಮುಚ್ಚಿ ತೆಗೆದಾಗ ಕೆಂಪು ಬಂದರೆ ತಮಗೆ 100 ರೂಪಾಯಿ. ಯಾವ ಮಡಕೆಗೆ ಕೈ ಹಾಕುತ್ತೀರಿ? ಬಹುಮಂದಿ ಮೊದಲನೆಯದಕ್ಕೇ ಹಾಕುತ್ತಾರೆ. ಸರಿ, ಈಗ ಬಿಳಿ ಬಂದರೆ ಹಣ ಎಂದು ಪಣವನ್ನು ತಿರುಗಿಸೋಣ. ಆಗಲೂ ಅವರು ಮೊದಲನೆಯದಕ್ಕೇ ಕೈ ಹಾಕುತ್ತಾರೆ! ಎರಡನೆಯ ಮಡಕೆಯಲ್ಲಿ ಕೆಂಪು ಕಡಿಮೆಯೆಂದು ಅನುಮಾನಿಸಿ ಮೊದಲು ಅದನ್ನು ಬಿಟ್ಟವರು, ಹಾಗಾದರೆ ಬಿಳಿ ಅಲ್ಲಿ ಹೆಚ್ಚಿರಬೇಕೆಂದು ಈಗ ಅದನ್ನೇ ಆರಿಸಬೇಕಿತ್ತಲ್ಲವೆ? ಆರಿಸುವುದಿಲ್ಲ. ಆದುದರಿಂದ ಜನ ಅಂಜುವುದು ಸೋಲಿಗೆ ಮಾತ್ರವಲ್ಲ. ಲೆಕ್ಕವೇ ತಿಳಿಯದ ಸ್ಥಿತಿಗೆ ಬೇರೆಯಾಗಿ ಅಂಜುತ್ತಾರೆ.

ಈ ಮಡಕೆಗಳ ಯುಕ್ತಿಯನ್ನು 1961ರಲ್ಲಿ ಪ್ರಕಟಿಸಿದವನು ಅಮೆರಿಕದ ಡೇನಿಯಲ್ ಎಲ್ಸ್‌ಬರ್ಗ್. ಅವನಿಗಿಂತ ಮೊದಲು, 1921ರಲ್ಲಿ, ಅದೇ ದೇಶದ ಫ್ರಾಂಕ್ ನೈಟ್ ಎಂಬ ಅರ್ಥಶಾಸ್ತ್ರಜ್ಞ ಈ ಎರಡು ಸ್ಥಿತಿಗಳ ವ್ಯತ್ಯಾಸವನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದ. ನಾವು ಕನ್ನಡದಲ್ಲಿ ಮೊದಲನೆಯ ಮಡಕೆಯನ್ನು ಲೆಕ್ಕವಿರುವ ಅಪಾಯವೆಂದೂ, ಎರಡನೆಯದನ್ನು ಲೆಕ್ಕವಿಲ್ಲದ ಸಂದಿಗ್ಧವೆಂದೂ ಕರೆಯೋಣ. ಮಳೆಯನ್ನು ನಂಬಿದ ರೈತನ ಮುಂದಿರುವುದು ಯಾವ ಮಡಕೆ ಎಂಬುದೇ ಮುಂದಿನ ಕಥೆಯ ತಿರುಳು.

ನಮ್ಮ ರೈತನು ಈ ಶಾಸ್ತ್ರಗಳನ್ನು ಓದದಿದ್ದರೂ ತನ್ನ ದಾರಿಗಳನ್ನು ತಾನೇ ಕಂಡುಕೊಂಡಿದ್ದ. ರಾಗಿಯ ಹೊಲದಲ್ಲಿ ಅಕ್ಕಡಿಯ ಸಾಲು ಬಿಟ್ಟು ಅವರೆ, ತೊಗರಿಗಳನ್ನು ಬಿತ್ತುವ ಪದ್ಧತಿಯನ್ನು ತಾವು ನೋಡಿರುತ್ತೀರಿ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೂಡ ಈ ಬೆರಕೆ ಬಿತ್ತನೆಯನ್ನು ವಿವರಿಸಿದ್ದಾನೆ. ಮಳೆ ಬೇಗ ನಿಂತು ರಾಗಿ ಕೆಟ್ಟರೂ ಆಳಕ್ಕೆ ಬೇರಿಳಿಸುವ ತೊಗರಿ ಉಳಿದೀತು. ಎರಡೂ ಒಟ್ಟಿಗೆ ಕೆಡುವ ವರ್ಷ ಕಡಿಮೆ. ಹೊಲವನ್ನು ಒಂದೇ ಕಡೆ ಇರಿಸಿಕೊಳ್ಳದೆ ಊರಿನ ನಾಲ್ಕು ದಿಕ್ಕಿಗೆ ತುಂಡುತುಂಡಾಗಿ ಇರಿಸಿಕೊಂಡದ್ದೂ, ಮಿಗಿಲಾದ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕಾಪಿಟ್ಟದ್ದೂ, ಹೆಂಗಸರ ಮೈಮೇಲೆ ಎರಡು ಒಡವೆಯಿರಲೆಂದು ಬಯಸಿದ್ದೂ ಇದೇ ಎಚ್ಚರಿಕೆಯ ಬೇರೆ ಬೇರೆ ರೂಪಗಳು.

ಗೇಣಿಯ ಪದ್ಧತಿಯಲ್ಲಿಯೂ ಈ ಲೆಕ್ಕವಿತ್ತು. ಗುತ್ತಿಗೆಯೆಂದರೆ ಬೆಳೆ ಬರಲಿ ಬಿಡಲಿ, ಇಂತಿಷ್ಟು ಖಂಡುಗ ಒಡೆಯನಿಗೆ ಅಳೆಯಬೇಕು. ವಾರವೆಂದರೆ ಬಂದ ಬೆಳೆಯಲ್ಲಿ ಪಾಲು. ಒಳ್ಳೆಯ ವರ್ಷದಲ್ಲಿ ವಾರದ ರೈತನಿಗೆ ನಷ್ಟವೆಂದು ಕಾಣುತ್ತದೆ. ಗುತ್ತಿಗೆಯವನು ಹೆಚ್ಚು ಉಳಿಸಿಕೊಳ್ಳುತ್ತಾನೆ. ಆದರೆ ಕೆಟ್ಟ ವರ್ಷದಲ್ಲಿ ವಾರದವನ ನಷ್ಟದಲ್ಲಿ ಒಡೆಯನೂ ಪಾಲುಗಾರ. ಖುಷ್ಕಿಯಲ್ಲಿ ವಾರವನ್ನು ಒಪ್ಪಿದ ಒಕ್ಕಲು ದಡ್ಡನಾಗಿರಲಿಲ್ಲ; ಒಳ್ಳೆಯ ವರ್ಷದ ಲಾಭದಲ್ಲಿ ಒಂದು ಭಾಗವನ್ನು ಕೊಟ್ಟು ಕೆಟ್ಟ ವರ್ಷಕ್ಕೆ ಆಸರೆಯನ್ನು ಕೊಳ್ಳುತ್ತಿದ್ದ. ಆ ವ್ಯವಸ್ಥೆಯಲ್ಲಿ ದಬ್ಬಾಳಿಕೆಗೂ ಎಡೆಯಿತ್ತೆಂಬುದು ಬೇರೆ ಮಾತು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನೇ ತೊಡೆದು ಉಳುವವನನ್ನು ಒಡೆಯನನ್ನಾಗಿ ಮಾಡಿತು. ಭೂಮಿ ಅವನದಾಯಿತು, ಅದರೊಂದಿಗೆ ಮಳೆಯ ಅಪಾಯವೂ ಪೂರ್ತಿಯಾಗಿ ಅವನದೇ ಆಯಿತು.

ಈ ಉಪಾಯಗಳಿಗೆಲ್ಲ ಒಂದು ಬೆಲೆಯುಂಟು. ಎಚ್ಚರಿಕೆಯ ಬೆಳೆ ಹಸಿವನ್ನು ತಡೆಯುತ್ತದೆ, ಸಂಪತ್ತನ್ನು ತರುವುದಿಲ್ಲ. ಲಾಭದ ಬೆಳೆಗೆ ಕೈ ಹಾಕಬೇಕಾದರೆ ಸಾಲ ಬೇಕು. ಬೆಳೆ ಕೆಟ್ಟರೆ ಸಾಲವನ್ನು ತೀರಿಸುವ ಬಗೆಯಿಲ್ಲ. ನಂಜನಗೂಡಿನ ರಸಬಾಳೆಯ ಕಥೆಯನ್ನೇ ನೋಡಿ. ಊರಿನ ಹೆಸರಿನಲ್ಲಿಯೇ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಣ್ಣು ಅದು. ಅದರ ಪರಿಮಳಕ್ಕೆ ಮನಸೋಲದವರಿಲ್ಲ. ಆದರೆ ಪನಾಮ ಸೊರಗು ರೋಗ ತೋಟಕ್ಕೆ ಒಮ್ಮೆ ಹೊಕ್ಕಿತೆಂದರೆ ಅದರ ಶಿಲೀಂಧ್ರ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ತನ್ನ ತೋಟದ ಮಣ್ಣಿನಲ್ಲಿ ಅದು ಇದೆಯೊ ಇಲ್ಲವೊ, ಇದ್ದರೆ ಯಾವ ವರ್ಷ ತಲೆಯೆತ್ತುವುದೊ ಹೇಳಬಲ್ಲವರಿಲ್ಲ. ಬೆಲೆ ಹೆಚ್ಚಾದರೂ ಅನೇಕ ರೈತರು ರಸಬಾಳೆಯನ್ನು ಬಿಟ್ಟು ಬೇರೆ ಬಾಳೆಗೆ, ಬೇರೆ ಬೆಳೆಗೆ ಹೋದರು. ನಮಗೆ ಹಣ್ಣು ತಪ್ಪಿತೆಂದು ಅವರನ್ನು ದೂರುವಂತಿಲ್ಲ. ಅವರು ಎರಡನೆಯ ಮಡಕೆಗೆ ಕೈ ಹಾಕಲಿಲ್ಲ, ಅಷ್ಟೆ.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಅಕ್ಕಡಿಯೂ, ನೆರೆಯವನ ಸಹಾಯವೂ, ಹಗೇವೂ ಒಂದು ಹೊಲದ, ಒಂದು ಮನೆಯ, ಒಂದು ವರ್ಷದ ಕಷ್ಟವನ್ನು ತಡೆಯಬಲ್ಲವು. ಇಡೀ ನಾಡಿಗೆ, ಒಂದರ ಮೇಲೊಂದು ವರ್ಷ, ಮಳೆ ತಪ್ಪಿದರೆ? ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರ ವರೆಗೆ, ಹಾಗೆಯೇ ಆಯಿತು. ನೆರೆಯವನ ಹಗೇವೂ ಬರಿದಾದಾಗ ಯಾರು ಯಾರಿಗೆ ಕೊಡಬೇಕು? ಒಡವೆಯನ್ನು ಎಲ್ಲರೂ ಒಂದೇ ದಿನ ಮಾರಹೊರಟರೆ ಕೊಳ್ಳುವವನು ಯಾರು? 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. 1881ರ ಗಣತಿಯಲ್ಲಿ ಅದು 41,86,188. ಹತ್ತು ವರ್ಷಗಳಲ್ಲಿ ಏರಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮೀರಿ ಇಳಿಯಿತು. ಒಬ್ಬೊಬ್ಬನ ಜಾಣತನದಿಂದ ಎದುರಿಸಲಾಗದ ಅಪಾಯವೂ ಇದೆಯೆಂಬುದನ್ನು ಈ ಎರಡು ಸಂಖ್ಯೆಗಳಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳಲಾರದು.

ಹೀಗಿರಲಾಗಿ, ಮಳೆಯ ಸಂದಿಗ್ಧವನ್ನು ಲೆಕ್ಕಕ್ಕೆ ತರಲು ಸಾಧ್ಯವೆ? ಸಾಧ್ಯವಾಗಬೇಕಾದರೆ ಮೊದಲು ಮಳೆಯನ್ನು ಅಳೆಯಬೇಕು. ಯುಗಾದಿಯ ದಿನ ಪಂಚಾಂಗ ಶ್ರವಣದಲ್ಲಿ ಈ ವರ್ಷ ಎಷ್ಟು ಕೊಳಗ ಮಳೆ ಎಂದು ಕೇಳುವುದು ನಮ್ಮಲ್ಲಿ ಬಂದ ವಾಡಿಕೆ. ಸುಮಾರು 1025ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಮಳೆಯ ಲಕ್ಷಣಗಳನ್ನು ಅರಿಯುವ ವಿಚಾರ ಸೇರಿದೆ. ಇವು ಬರಲಿರುವ ಮಳೆಯ ಮಾತು. ಬಿದ್ದ ಮಳೆಯನ್ನು ಅಳೆದಿಡುವ ಮಾತು ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಬರುತ್ತದೆ. ಕೋಷ್ಠಾಗಾರದ ಮುಂದೆ ಒಂದು ಅರತ್ನಿಯಷ್ಟು, ಎಂದರೆ ಸುಮಾರು ಒಂದು ಮೊಳದಷ್ಟು, ಬಾಯಗಲವುಳ್ಳ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಅವನು ವಿಧಿಸುತ್ತಾನೆ. ಕೃಷಿಯ ಅಧ್ಯಕ್ಷನು ಮಳೆಯ ಪ್ರಮಾಣವನ್ನು ಅರಿತು, ಅದಕ್ಕೆ ತಕ್ಕಂತೆ ಹೆಚ್ಚು ನೀರಿನ ಬೆಳೆಯನ್ನೊ ಕಡಿಮೆ ನೀರಿನ ಬೆಳೆಯನ್ನೊ ಬಿತ್ತಿಸಬೇಕೆಂದೂ ಹೇಳುತ್ತಾನೆ. ಮರೆತುಹೋಗಿದ್ದ ಆ ಗ್ರಂಥದ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಮುದ್ರಣಕ್ಕೆ ತಂದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಪಂಡಿತ ಆರ್. ಶಾಮಶಾಸ್ತ್ರಿಗಳು. ಕನ್ನಡಿಗರೆಲ್ಲ ಹೆಮ್ಮೆಪಡಬೇಕಾದ ಸಂಗತಿಯಿದು.

ಅದೇ ಕಾಲದಲ್ಲಿ, ಅದೇ ಸಂಸ್ಥಾನದಲ್ಲಿ, ಲೆಕ್ಕದ ಇನ್ನೊಂದು ಕೆಲಸ ನಡೆದಿತ್ತು. ಮಳೆಮಾಪಕಗಳನ್ನಿಟ್ಟು ಅಂಗುಲದ ಲೆಕ್ಕದಲ್ಲಿ ಮಳೆಯನ್ನು ಬರೆದಿಡುವ ಪದ್ಧತಿ ಬಂದು ದಶಕಗಳಾಗಿದ್ದವು. ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದದ್ದು 1875ರಲ್ಲಿ. ಮೈಸೂರು ಸರ್ಕಾರ 1891ರಲ್ಲಿಯೇ ತನ್ನ ನೌಕರರಿಗೆ ಜೀವವಿಮೆಯ ಏರ್ಪಾಡು ಮಾಡಿತ್ತು. 1905ರಲ್ಲಿ ಸಹಕಾರ ಸಂಘಗಳ ಕಾನೂನು, 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ, 1913ರಲ್ಲಿ ಮೈಸೂರು ಬ್ಯಾಂಕು, ಹೀಗೆ ಒಂದರ ಹಿಂದೊಂದು ಸಂಸ್ಥೆಗಳು ಹುಟ್ಟಿದವು. ಬೆಳೆಯ ಗತಿಯೇ ಅನಿಶ್ಚಿತವಾಗಿರುವಾಗ ರೈತನಿಗೆ ಕೊಟ್ಟ ಸಾಲ ಮರಳುವುದು ಹೇಗೆ ಎಂಬ ಪ್ರಶ್ನೆ ಇವುಗಳೆಲ್ಲದರ ಮುಂದೆ ಇದ್ದೇ ಇತ್ತು.

ಇದಕ್ಕೆ ಉತ್ತರವಾಗಿ 1920ರಲ್ಲಿ ಒಂದು ಗ್ರಂಥ ಹೊರಬಂತು. ಬರೆದವರು ಮೈಸೂರು ಸರ್ಕಾರದ ಹಣಕಾಸಿನ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು. ವಿಷಯ, ಭಾರತದ ಪರಿಸ್ಥಿತಿಗೆ ಹೊಂದುವ ಬೇಸಾಯದ ವಿಮೆ. ಇಂಗ್ಲಿಷಿನಲ್ಲಿ ಬರೆದ ಈ ಪುಸ್ತಕವನ್ನು ಇಂದು ಬೆಳೆವಿಮೆಯ ಇತಿಹಾಸ ಬರೆಯುವವರು ಆದರದಿಂದ ನೆನೆಯುತ್ತಾರೆ. ನೈಟ್ ಮಹಾಶಯನ ಗ್ರಂಥಕ್ಕಿಂತ ಇದು ಒಂದು ವರ್ಷ ಹಿಂದಿನದು ಎಂಬುದೂ ಗಮನಾರ್ಹ.

ಚಕ್ರವರ್ತಿಯವರ ಯೋಚನೆಯ ಮುಖ್ಯಾಂಶ ಎರಡು. ಮೊದಲನೆಯದು, ಬೆಳೆಗೆ ಬದಲು ಮಳೆಗೆ ವಿಮೆ. ಒಂದೊಂದು ಹೊಲಕ್ಕೂ ಹೋಗಿ ಎಷ್ಟು ಬೆಳೆ ನಷ್ಟವಾಯಿತೆಂದು ನೋಡಹೊರಟರೆ, ಎಕರೆ ಎರಡೆಕರೆಯ ಲಕ್ಷಾಂತರ ಹೊಲಗಳಿರುವ ನಮ್ಮ ದೇಶದಲ್ಲಿ ನೋಡುವ ಖರ್ಚೇ ವಿಮೆಯ ಹಣಕ್ಕಿಂತ ಹೆಚ್ಚಾದೀತು. ಅಲ್ಲದೆ, ನಷ್ಟವಾದದ್ದು ಮಳೆಯಿಂದಲೊ ಕಳೆ ಕೀಳದ ಸೋಮಾರಿತನದಿಂದಲೊ ಎಂಬ ಜಗಳಕ್ಕೆ ಕೊನೆಯಿಲ್ಲ. ಮಳೆಯಾದರೊ ಯಾರ ಮರ್ಜಿಗೂ ಒಳಪಟ್ಟದ್ದಲ್ಲ. ಮಳೆಮಾಪಕ ತೋರಿಸಿದ ಅಂಗುಲ ಗೊತ್ತಾದ ಮಿತಿಗಿಂತ ಕಡಿಮೆಯಾದರೆ ಪರಿಹಾರ ಕೊಟ್ಟುಬಿಡಬೇಕು. ಶ್ರಮಪಟ್ಟು ದುಡಿದವನಿಗೆ ಅವನ ಶ್ರಮದ ಫಲವೂ ಉಳಿಯುತ್ತದೆ. ಎರಡನೆಯದು, ಒಬ್ಬೊಬ್ಬ ರೈತನನ್ನಲ್ಲದೆ ಒಂದೊಂದು ಪ್ರದೇಶವನ್ನು ಘಟಕವಾಗಿ ಹಿಡಿಯುವುದು. ಆ ಪ್ರದೇಶದಲ್ಲಿ ಮಳೆ ತಪ್ಪಿದರೆ ವಿಮೆ ಮಾಡಿದ ಎಲ್ಲರಿಗೂ ಒಂದೇ ಸಮನಾಗಿ ಪರಿಹಾರ.

ಇದರ ಗುಣವನ್ನು ಒಂದು ಊಹೆಯ ಲೆಕ್ಕದಿಂದ ತಿಳಿಯಬಹುದು. ಒಂದು ಸ್ಥಳದ 40 ವರ್ಷಗಳ ಮಳೆಯ ದಾಖಲೆ ಇದೆಯೆನ್ನಿ. ಅದರಲ್ಲಿ 8 ವರ್ಷ ಮಳೆ ಬೆಳೆಗೆ ಸಾಲಲಿಲ್ಲ. ಎಂದರೆ ಐದು ವರ್ಷಕ್ಕೊಮ್ಮೆ ಕೇಡು. ಕೆಟ್ಟ ವರ್ಷದಲ್ಲಿ ಎಕರೆಗೆ 100 ರೂಪಾಯಿ ಕೊಡಬೇಕಾದರೆ ವರ್ಷಕ್ಕೆ 20 ರೂಪಾಯಿಯೂ, ನಿರ್ವಾಹದ ಖರ್ಚಿಗೆ ಇನ್ನಷ್ಟೂ ಸೇರಿಸಿ ಕಂತು ಕಟ್ಟಿಸಿಕೊಂಡರೆ ಸಾಕು. ಯಾವ ವರ್ಷ ಮಳೆ ತಪ್ಪುವುದೆಂದು ಆಗಲೂ ಯಾರಿಗೂ ತಿಳಿಯದು. ಆದರೆ ಎಷ್ಟು ವರ್ಷಕ್ಕೊಮ್ಮೆ ತಪ್ಪುವುದೆಂಬುದು ತಿಳಿಯಿತು. ಒಬ್ಬ ರೈತನ ನೆನಪಿನಲ್ಲಿ ಕೂಡಿಸಲಾಗದ ಲೆಕ್ಕವನ್ನು ದಾಖಲೆಯ ಪುಸ್ತಕ ಕೂಡಿಸಿಕೊಟ್ಟಿತು. ಬೇರೆ ಬೇರೆ ಸೀಮೆಗಳನ್ನು ಒಟ್ಟು ಸೇರಿಸಿದರೆ, ಒಂದು ಕಡೆ ಕೊಡಬೇಕಾದ ವರ್ಷ ಇನ್ನೊಂದು ಕಡೆ ಕೊಡಬೇಕಾಗಿರುವುದಿಲ್ಲ. ಎರಡನೆಯ ಮಡಕೆಯನ್ನು ಬಿಚ್ಚಿ ಗುಲಗಂಜಿಗಳನ್ನು ಎಣಿಸಿ ಮೊದಲನೆಯ ಮಡಕೆಯನ್ನಾಗಿ ಮಾಡುವ ಪ್ರಯತ್ನ ಇದೆಂದು ಹೇಳಬಹುದು.

ಯೋಜನೆ ಪುಸ್ತಕದಲ್ಲಿಯೇ ಉಳಿಯಿತು, ಜಾರಿಗೆ ಬರಲಿಲ್ಲ. ದೇಶ ಸ್ವತಂತ್ರವಾದ ಮೇಲೂ ಬೆಳೆವಿಮೆ ತಡವಾಗಿಯೇ ಬಂತು. 1972ರಲ್ಲಿ ಗುಜರಾತಿನ ಹತ್ತಿ ಬೆಳೆಗಾರರಿಗೆ ಒಬ್ಬೊಬ್ಬರ ನಷ್ಟವನ್ನೂ ನೋಡಿ ಕೊಡುವ ಪ್ರಯೋಗ ನಡೆದು, ಖರ್ಚು ಹೆಚ್ಚಾಗಿ, ಅದು ನಿಲ್ಲಬೇಕಾಯಿತು. ಪ್ರೊಫೆಸರ್ ವಿ. ಎಂ. ದಾಂಡೇಕರರ ಸಲಹೆಯಂತೆ 1979ರಿಂದ ಪ್ರದೇಶವನ್ನೇ ಘಟಕವಾಗಿ ಹಿಡಿಯುವ ಕ್ರಮ ಆರಂಭವಾಯಿತು. 1985ರಲ್ಲಿಯೂ 1999ರಲ್ಲಿಯೂ ದೊಡ್ಡ ಯೋಜನೆಗಳು ಬಂದವು. ಮಳೆಗೇ ವಿಮೆ ಎಂಬುದು ನಡೆದದ್ದು 2003ರಲ್ಲಿ, ನೆರೆಯ ಮೆಹಬೂಬನಗರ ಜಿಲ್ಲೆಯಲ್ಲಿ. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ವಿಮೆಯನ್ನು ಪ್ರಯೋಗಕ್ಕೆ ತಂದದ್ದು ನಮ್ಮ ಕರ್ನಾಟಕದಲ್ಲಿಯೇ. ಚಕ್ರವರ್ತಿಯವರ ಪುಸ್ತಕಕ್ಕೆ ಆಗ 87 ವರ್ಷ ತುಂಬಿತ್ತು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ತಾವು ಭಾವಿಸಬಹುದು. ಹಾಗಲ್ಲ. ವಿಮೆ ಬಂದಾಗ ಯಾರು ಮೊದಲು ಕೊಳ್ಳಬೇಕು? ಅಪಾಯಕ್ಕೆ ಹೆಚ್ಚು ಅಂಜುವವರಲ್ಲವೆ? ಮೆಹಬೂಬನಗರ, ಅನಂತಪುರ ಜಿಲ್ಲೆಗಳ ಹಳ್ಳಿಗಳಲ್ಲಿ ವಿದ್ವಾಂಸರು ಮನೆಮನೆಗೆ ಹೋಗಿ ವಿಚಾರಿಸಿದಾಗ ಕಂಡದ್ದು ಇದಕ್ಕೆ ವಿರುದ್ಧ. ಹೆಚ್ಚು ಅಂಜುವವರೇ ಕಡಿಮೆ ಕೊಂಡಿದ್ದರು. ಹಾಗೆಂದು ನಮ್ಮ ರೈತರು ವಿಚಿತ್ರ ಸ್ವಭಾವದವರೆಂದಲ್ಲ. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಅಧ್ಯಯನಕ್ಕಾಗಿ ಹ್ಯಾನ್ಸ್ ಬಿನ್ಸ್‌ವಾಂಗರ್ ಎಂಬುವರು ಹಳ್ಳಿಗರಿಗೆ ನಿಜವಾದ ಹಣವನ್ನೇ ಕೊಟ್ಟು ಪಣದ ಆಟ ಆಡಿಸಿ, 1980ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ್ದರು. ಪಣ ದೊಡ್ಡದಾದಾಗ ಬಹುಮಂದಿ ಮಧ್ಯಮ ತರದ ಎಚ್ಚರಿಕೆಯವರೆಂದು ಕಂಡುಬಂತು. ಬಡವ ಬಲ್ಲಿದರೆಂಬ ಭೇದ ಅಲ್ಲಿ ಹೆಚ್ಚೇನೂ ಇರಲಿಲ್ಲ. ಬಡವನ ಬುದ್ಧಿ ಬೇರೆಯಲ್ಲ. ಅವನ ಕೈಯಲ್ಲಿರುವ ಆಯ್ಕೆಗಳು ಬೇರೆ.

ಹಾಗಾದರೆ ವಿಮೆಯನ್ನು ಏಕೆ ಕೊಳ್ಳಲಿಲ್ಲ? ರೈತನ ಸ್ಥಾನದಲ್ಲಿ ನಿಂತು ನೋಡಿ. ಬಿತ್ತನೆಯ ಕಾಲದಲ್ಲಿ ಕೈಯಲ್ಲಿ ಕಾಸಿರುವುದಿಲ್ಲ ಎಂಬುದು ಒಂದು. ಅದಕ್ಕಿಂತ ದೊಡ್ಡ ಕಾರಣ ಮಳೆಮಾಪಕದಲ್ಲಿದೆ. ಎತ್ತಿನ ಒಂದು ಕೊಂಬಿಗೆ ಮಳೆ, ಇನ್ನೊಂದು ಕೊಂಬಿಗೆ ಬಿಸಿಲು ಎನ್ನುವಂತೆ ಮುಂಗಾರಿನ ಮಳೆ ಸುರಿಯುವ ಸೀಮೆ ನಮ್ಮದು. ಮಾಪಕವಿರುವ ಊರಿನಲ್ಲಿ ಮಳೆಯಾಗಿ ತನ್ನ ಹೊಲದಲ್ಲಿ ಆಗದಿದ್ದರೆ ದಾಖಲೆಯ ಪ್ರಕಾರ ಮಳೆ ಆಯಿತು, ಪರಿಹಾರ ಇಲ್ಲ. ಆಗ ಅವನ ಸ್ಥಿತಿ ಏನು? ಬೆಳೆಯೂ ಹೋಯಿತು, ಕಟ್ಟಿದ ಕಂತೂ ಹೋಯಿತು. ವಿಮೆ ಮಾಡದಿದ್ದರೆ ಬೆಳೆ ಮಾತ್ರ ಹೋಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದಕ್ಕೆ ಅಂಜುವವನು ಆ ಕೆಟ್ಟದ್ದನ್ನು ಇನ್ನೂ ಕೆಟ್ಟದಾಗಿ ಮಾಡಬಲ್ಲ ಕಾಗದವನ್ನು ಕೊಳ್ಳದಿದ್ದರೆ ಅದು ಅಜ್ಞಾನವೆ? ಮಳೆಯ ಮಡಕೆಯನ್ನು ಬಿಚ್ಚಿ ಎಣಿಸಿದೆವೆಂದು ನಾವು ಹಿಗ್ಗುತ್ತಿರುವಾಗ ಅವನ ಕಣ್ಣಿಗೆ ಮತ್ತೊಂದು ಮುಚ್ಚಿದ ಮಡಕೆ ಕಾಣುತ್ತದೆ. ಈ ಕಂಪನಿಯವರು ಯಾರು? ಅಳೆಯುವವರು ಯಾರು? ನಷ್ಟವಾದ ದಿನ ಇವರು ನಮ್ಮ ಊರಿಗೆ ಬರುವರೆ? ಮಳೆಯ ಸ್ವಭಾವವನ್ನಾದರೂ ಅವನು ಬಾಲ್ಯದಿಂದ ಬಲ್ಲ. ಕಾಗದದ ಸ್ವಭಾವವನ್ನು ಬಲ್ಲವನಲ್ಲ.

ಆ ಅಧ್ಯಯನಗಳೇ ಇದಕ್ಕೆ ಸಾಕ್ಷಿಯನ್ನೂ ಒದಗಿಸಿವೆ. ಹಳ್ಳಿಯವರು ಮೊದಲೇ ಬಲ್ಲ, ನಂಬುವ ಸಂಸ್ಥೆಯ ಪ್ರತಿನಿಧಿ ಜೊತೆಯಲ್ಲಿದ್ದು ವಿಮೆ ಒಳ್ಳೆಯದೆಂದು ಹೇಳಿದಾಗ ಕೊಂಡವರ ಸಂಖ್ಯೆ ಗಣನೀಯವಾಗಿ ಏರಿತು. ಕಂತು ಅದೇ, ಮಾಪಕ ಅದೇ, ಮಳೆಯೂ ಅದೇ. ಬದಲಾದದ್ದು ನಂಬಿಕೆ. ಲೆಕ್ಕವಿರುವ ಅಪಾಯವನ್ನು ಅಂಕಿಗಳಿಂದ ಎದುರಿಸಬಹುದು. ಲೆಕ್ಕವಿಲ್ಲದ ಸಂದಿಗ್ಧಕ್ಕೆ ಅಂಕಿಗಳ ಜೊತೆಗೆ ವಿಶ್ವಾಸವೂ ಬೇಕು. ಚಕ್ರವರ್ತಿಯವರ ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕವನ್ನು ಹೊಲದ ಬದುವಿನ ತನಕ ಒಯ್ಯುವ ಕೆಲಸ ಉಳಿದಿತ್ತು, ಇಂದಿಗೂ ಸ್ವಲ್ಪ ಉಳಿದಿದೆ.

ಆ ಕೆಲಸ ನಡೆದೇ ಇಲ್ಲವೆಂದಲ್ಲ. ತಾಲ್ಲೂಕಿಗೊಂದೊ ಎರಡೊ ಇದ್ದ ಮಳೆಮಾಪಕಗಳ ಜಾಗದಲ್ಲಿ ಇಂದು ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ತಾವಾಗಿಯೇ ವರದಿ ಕಳುಹಿಸುವ ಮಾಪಕಗಳಿವೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಮುಂಗಾರಿನ ಆಹಾರ ಬೆಳೆಗೆ ರೈತನು ವಿಮಾ ಮೊತ್ತದ ಶೇಕಡ 2ರಷ್ಟು ಕಟ್ಟುತ್ತಾನೆ. ಮಿಕ್ಕ ಕಂತನ್ನು ಸರ್ಕಾರಗಳು ಭರಿಸುತ್ತವೆ. ಮೊದಲು ಬೆಳೆಸಾಲ ಪಡೆದವರಿಗೆ ಕಡ್ಡಾಯವಾಗಿದ್ದ ಈ ವಿಮೆ 2020ರಿಂದ ಐಚ್ಛಿಕವಾಯಿತು. ಎಂದರೆ ತೀರ್ಮಾನ ಮತ್ತೆ ರೈತನ ಕೈಗೇ ಬಂತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುದನ್ನು ನೆನೆದರೆ, ಆ ತೀರ್ಮಾನ ಎಷ್ಟು ತೂಕದ್ದೆಂಬುದು ಅರಿವಾಗುತ್ತದೆ.

ಪಟ್ಟಣದಲ್ಲಿರುವ ನಮಗೂ ಈ ವಿಚಾರ ಹೊರಗಿನದಲ್ಲ. ಚೀಟಿಗೆ ಸೇರುವಾಗ ಚೀಟಿ ನಡೆಸುವವನ ಮುಖ ನೋಡುತ್ತೇವೆ. ಹೆಚ್ಚು ಬಡ್ಡಿಯ ಆಸೆ ತೋರಿಸುವ ಹೊಸ ಸಂಸ್ಥೆಯನ್ನು ಬಿಟ್ಟು ಕಡಿಮೆ ಬಡ್ಡಿಯ ಅಂಚೆಕಚೇರಿಯಲ್ಲಿ ಹಣವಿಡುತ್ತೇವೆ. ವಿಮೆಯ ಪತ್ರದ ಸಣ್ಣ ಅಕ್ಷರಗಳನ್ನು ಓದಲಾರದೆ, ಮಾರಲು ಬಂದವನು ಪರಿಚಿತನೆ ಎಂದು ವಿಚಾರಿಸುತ್ತೇವೆ. ನಾವೂ ಎರಡನೆಯ ಮಡಕೆಗೆ ಅಂಜುವವರೇ. ಹೀಗಿದ್ದೂ ರೈತನು ಹಿಂಜರಿದಾಗ ಮಾತ್ರ ಅದನ್ನು ಮೌಢ್ಯವೆಂದು ಕರೆಯುವುದು ನ್ಯಾಯವಲ್ಲ.

ಹಳ್ಳಿಯಲ್ಲಿ ಹೊಲವಿರುವ ನೆಂಟರು ಪಟ್ಟಣದ ಓದಿದವರ ಮನೆಗಳಿಗೆ ಬಿತ್ತನೆಯ ದಿನಗಳಲ್ಲಿ ಬಂದು ಸಲಹೆ ಕೇಳುವುದುಂಟು. ಆಗ ವಿಮೆ ಮಾಡಿಸಿ ಎಂದೊ ಬೇಡವೆಂದೊ ಥಟ್ಟನೆ ಹೇಳುವುದಕ್ಕಿಂತ ಅವರೊಡನೆ ಕುಳಿತು ನಾಲ್ಕು ವಿಷಯಗಳನ್ನು ವಿಚಾರಿಸುವುದು ಮೇಲು. ಅಳತೆ ಮಳೆಯದೊ ಇಳುವರಿಯದೊ? ಅಳೆಯುವ ಸ್ಥಳ ತಮ್ಮ ಹೊಲಕ್ಕೆ ಎಷ್ಟು ದೂರ? ಯಾವ ಮಿತಿಗೆ ಇಳಿದರೆ ಪರಿಹಾರ ಸಿಗುತ್ತದೆ? ತಮ್ಮ ಪಂಚಾಯಿತಿಯಲ್ಲಿ ಹಿಂದಿನ ಬರದ ವರ್ಷ ಹಣ ಎಷ್ಟು ತಿಂಗಳಿಗೆ ಕೈಸೇರಿತು? ಈ ನಾಲ್ಕಕ್ಕೂ ನಂಬುವಂಥ ಉತ್ತರ ಸಿಕ್ಕಿದರೆ ಮಡಕೆಯ ಬಾಯಿ ತೆರೆಯಿತೆಂದೇ ಅರ್ಥ. ಆಮೇಲೆ ತನ್ನ ಹೊಲ, ತನ್ನ ಬೀಜ, ತನ್ನ ಸಾಲಗಳನ್ನು ಬಲ್ಲ ರೈತನು ತಾನೇ ತೀರ್ಮಾನಿಸಬಲ್ಲ. ಉತ್ತರ ಸಿಗದಿದ್ದರೆ ಅದನ್ನು ಕೇಳಿ ಪಡೆಯುವ ಹಕ್ಕು ಅವನಿಗಿದೆ, ಕೊಡಿಸಲು ಜೊತೆಗೆ ಹೋಗುವ ಹೊಣೆ ಓದುಬರಹ ಬಲ್ಲ ನಮ್ಮದು.